ಬ್ರಿಟಿಷ್ ಕ್ರಾಫ್ಟ್ ಲಾಗರ್: ಯಾವುದನ್ನು ಕೊಳ್ಳೋದು, ಹೇಗೆ ತೂಗೋದು?

ಕಳೆದ ಕೆಲವು ತಿಂಗಳಲ್ಲಿ ಮೂವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬ ಮೈಸೂರಿನಿಂದ ಮ್ಯಾಂಚೆಸ್ಟರಿಗೆ ಕೆಲಸಕ್ಕೆ ಬಂದ ಹುಡುಗ. ಸೂಪರ್‌ಮಾರ್ಕೆಟ್ಟಿನ ಬಿಯರ್ ಸಾಲಿನ ಮುಂದೆ ನಿಂತು ಫೋಟೊ ಕಳಿಸಿ, "ಅಣ್ಣಾ, ಇದರಲ್ಲಿ ಯಾವುದು?" ಎಂದ. ಇನ್ನೊಬ್ಬರು ನಮ್ಮ ಭಾವ. ರಜೆಗೆ ಲಂಡನ್ನಿಗೆ ಬರುವವರು, "ಕಿಂಗ್‌ಫಿಷರ್ ಊರಲ್ಲೇ ಸಿಗತ್ತೆ ಕಣಯ್ಯಾ, ಅಲ್ಲಿಯದ್ದೇ ಏನಾದ್ರೂ ಕುಡಿಸು" ಅಂದರು. ಮೂರನೆಯವಳು ಗೆಳತಿ, ಅಪ್ಪಟ ಸಸ್ಯಾಹಾರಿ. ಅವಳದ್ದು, "ಬ್ರಿಟಿಷ್ ಬಿಯರಿನಲ್ಲಿ ಮೀನು ಹಾಕ್ತಾರಂತೆ, ನಿಜಾನಾ?" ಎಂಬ ಗಾಬರಿ.

ಮೂವರಿಗೂ ಒಂದೇ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಒಬ್ಬರಿಗೆ ಒಪ್ಪುವ ಲಾಗರ್ (ತಂಪಿನಲ್ಲಿ ನಿಧಾನವಾಗಿ ಮಾಗಿಸುವ ಬಿಯರ್; ಚಿಕ್ಕ ಬ್ರೂವರಿಗಳು ಮಾಡಿದ್ದನ್ನು 'ಕ್ರಾಫ್ಟ್' ಅನ್ನುತ್ತಾರೆ) ಇನ್ನೊಬ್ಬರಿಗೆ ಒಪ್ಪಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಲಾಗರ್ ತಿಳಿಸಾರಿನ ಹಾಗೆ. ಬಿಸಿಬೇಳೆಬಾತಿನಲ್ಲಿ ಸಣ್ಣಪುಟ್ಟ ತಪ್ಪು ಮಸಾಲೆಯೊಳಗೆ ಮುಚ್ಚಿಹೋಗುತ್ತದೆ. ತಿಳಿಸಾರಿನಲ್ಲಿ ಬೇಳೆ ಹಳೆಯದಾಗಿದ್ದರೂ ಗೊತ್ತಾಗುತ್ತದೆ, ಉಪ್ಪು ಒಂದು ಚಿಟಿಕೆ ಜಾಸ್ತಿಯಾದರೂ ಗೊತ್ತಾಗುತ್ತದೆ. ಹಾಪ್ಸ್ (ಬಿಯರಿಗೆ ಕಹಿ, ಕಂಪು ಕೊಡುವ ಹೂವು) ಸುರಿದ ಐಪಿಎ ಎಂಬ ಬಿಯರ್ ಬಿಸಿಬೇಳೆಬಾತಿನ ಜಾತಿ. ಲಾಗರ್ ತಯಾರಿಸುವವರಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಕೆಲಸವೂ ನಿಧಾನದ್ದು. ಬ್ರಿಟನ್ನಿನ ಹಳೆಯ ಬಗೆಯ ಬಿಯರ್ ಆದ ಏಲ್‌ನ ಯೀಸ್ಟ್ (ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ) ಸುಮಾರು 20 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಲಾಗರ್‌ನ ಯೀಸ್ಟ್‌ಗೆ 8ರಿಂದ 12 ಡಿಗ್ರಿಯ ತಂಪು ಬೇಕು. ಆಮೇಲೆ ಹೆಪ್ಪುಗಟ್ಟುವುದಕ್ಕೆ ಸ್ವಲ್ಪವೇ ಮೇಲಿನ ಚಳಿಯಲ್ಲಿ ವಾರಗಟ್ಟಲೆ ಸುಮ್ಮನೆ ಇಡಬೇಕು. ಜರ್ಮನ್ನಿನಲ್ಲಿ ಲಾಗರ್ ಅಂದರೆ ಉಗ್ರಾಣ. ಆ ಉಗ್ರಾಣದ ಬಾಡಿಗೆ, ಕರೆಂಟು, ಕಾಯುವ ಸಮಯ ಎಲ್ಲ ಸೇರಿಯೇ ಚಿಕ್ಕ ಬ್ರೂವರಿಯ ಕ್ಯಾನ್ ದುಬಾರಿ.

ಬ್ರಿಟನ್ ಏಲ್‌ನ ನಾಡು. ಆದರೂ ಲಾಗರ್ ಅಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ವೇಲ್ಸ್‌ನ ರೆಕ್ಸಮ್‌ನಲ್ಲಿ 1882ರಲ್ಲೇ ಲಾಗರ್ ಕಂಪನಿ ಶುರುವಾಗಿತ್ತು. ಗ್ಲಾಸ್ಗೋದ ಟೆನೆಂಟ್ಸ್ 1885ರಲ್ಲಿ ಶುರುಮಾಡಿತು. ಜನಸಾಮಾನ್ಯರ ಲೋಟಕ್ಕೆ ಅದು ನುಗ್ಗಿದ್ದು ಮಾತ್ರ 1970ರ ದಶಕದಲ್ಲಿ, ದೊಡ್ಡ ಕಂಪನಿಗಳ ತೆಳ್ಳಗಿನ, ಅಗ್ಗದ ರೂಪದಲ್ಲಿ. ಆಮೇಲೆ 'ಲಾಗರ್ ಲೌಟ್' ಅನ್ನುವ ಬೈಗುಳವೇ ಹುಟ್ಟಿತು. ಕುಡಿದು ಬೀದಿಯಲ್ಲಿ ಗಲಾಟೆ ಮಾಡುವವನು ಅಂತ. ಒಳ್ಳೆಯ ಬಿಯರ್ ಬೇಕಾದವರು ಏಲ್ ಕುಡಿಯಬೇಕು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1995ರಲ್ಲಿ ಲಂಡನ್ನಿನ ಫುಲಮ್‌ನಲ್ಲಿ ಫ್ರೀಡಮ್ ಎಂಬ ಚಿಕ್ಕ ಬ್ರೂವರಿ ಲಾಗರನ್ನೇ ನೆಚ್ಚಿಕೊಂಡು ಹೊರಟಾಗ ಅದು ವಿಚಿತ್ರವಾಗಿ ಕಂಡಿರಬೇಕು. ಈಗ ಹಾಗಿಲ್ಲ. ಆಯ್ಕೆ ಜಾಸ್ತಿಯಾಗಿದೆ. ತಲೆನೋವೂ ಅದೇ.

ಏನನ್ನು ನೋಡಬೇಕು

ನಾನು ಮೊದಲು ನೋಡುವುದು ಹೆಸರಲ್ಲ, ಕ್ಯಾನಿನ ತಳ. ಕೆಲವು ಚಿಕ್ಕ ಬ್ರೂವರಿಗಳು ತುಂಬಿಸಿದ ದಿನಾಂಕವನ್ನೇ ಮುದ್ರಿಸುತ್ತವೆ. ಇಲ್ಲದಿದ್ದರೆ 'ಇದರೊಳಗೆ ಕುಡಿಯಿರಿ' ಎಂಬ ದಿನ ಇರುತ್ತದೆ. ಅದು ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಉಗ್ರಾಣದಲ್ಲಿ ಇಟ್ಟ ಬಿಯರ್ ಅಲ್ವಾ, ಇನ್ನೂ ಇಟ್ಟರೆ ಇನ್ನೂ ಚೆನ್ನಾಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಇಲ್ಲ. ಬ್ರೂವರಿಯ ಟ್ಯಾಂಕಿನಲ್ಲಿ ಮಾಗುವುದು ಬೇರೆ, ಅಂಗಡಿಯ ಕಪಾಟಿನಲ್ಲಿ ಹಳತಾಗುವುದು ಬೇರೆ. ಹಳೆಯ ಲಾಗರ್‌ನಲ್ಲಿ ನೆನೆದ ರಟ್ಟಿನ ವಾಸನೆ ಬರುತ್ತದೆ.

ಎರಡನೆಯದು ಬೆಳಕು. ಹಾಪ್ಸ್‌ನ ಕಹಿಗೆ ಬಿಸಿಲು ತಾಗಿದರೆ ಗಂಧಕದ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಸುಟ್ಟ ರಬ್ಬರಿನ ಹಾಗೆ. ಕಂದು ಬಾಟಲಿ ಬೆಳಕನ್ನು ಸುಮಾರಾಗಿ ತಡೆಯುತ್ತದೆ, ಹಸಿರು ಬಾಟಲಿಗೆ ಆ ತಾಕತ್ತಿಲ್ಲ. ಕ್ಯಾನಿನೊಳಗೆ ಬೆಳಕೇ ಹೋಗಲ್ಲ. ಒಮ್ಮೆ ಒಂದು ಅಂಗಡಿಯ ಕಿಟಕಿಯಲ್ಲಿ ಅಂದವಾಗಿ ಜೋಡಿಸಿದ್ದ ಹಸಿರು ಬಾಟಲಿಗಳನ್ನು ನೋಡಿ ಮರುಳಾಗಿ ಆರು ಕೊಂಡು ತಂದೆ. ಆರನ್ನೂ ಸಿಂಕಿಗೆ ಸುರಿದೆ. ಅಂದಿನಿಂದ ನನ್ನ ಫ್ರಿಜ್ಜಿಗೆ ಕ್ಯಾನೇ ಗತಿ.

ಮೂರನೆಯದು ಶುದ್ಧಿ. ಲೋಟ ಮೂಗಿನ ಹತ್ತಿರ ತಂದಾಗ ಹಸಿ ಸೇಬಿನ ವಾಸನೆ ಬಂದರೆ ಬಿಯರ್ ಪೂರ್ತಿ ಮಾಗಿಲ್ಲ. ಬೆಣ್ಣೆ ಬಿಸ್ಕತ್ತಿನ ವಾಸನೆ, ನಾಲಿಗೆ ಮೇಲೆ ಜಿಡ್ಡು ಇದ್ದರೂ ಹೆಚ್ಚಾಗಿ ಅದೇ ಕಥೆ. ಯೀಸ್ಟ್ ತಾನು ಬಿಟ್ಟದ್ದನ್ನು ತಾನೇ ತಿಂದು ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ. ಪಬ್ಬಿನಲ್ಲಾದರೆ ಕೊಳೆಯಾದ ಪೈಪೂ ಕಾರಣವಿರಬಹುದು. ಬೇಯಿಸಿದ ಮುಸುಕಿನ ಜೋಳದ ವಾಸನೆ ಪಿಲ್ಸ್‌ನರ್ ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಒಂದು ಬಗೆಯಿಂದ, ಬರುತ್ತದೆ. ಅದನ್ನು ಚೆನ್ನಾಗಿ ಕುದಿಸಿ ಓಡಿಸಬೇಕು. ಅಲ್ಪಸ್ವಲ್ಪ ಇದ್ದರೆ ಕೆಲವರು ಒಪ್ಪುತ್ತಾರೆ, ನನಗೆ ಆಗಲ್ಲ. ಬೆಂಕಿಕಡ್ಡಿ ಗೀರಿದಂಥ ಸಣ್ಣ ವಾಸನೆ ಬಂದರೆ ಹೆದರಬೇಡಿ. ಹೊಸ ಲಾಗರ್‌ನಲ್ಲಿ ಅದು ಸಹಜ, ಎರಡು ನಿಮಿಷದಲ್ಲಿ ಹಾರಿಹೋಗುತ್ತದೆ.

ಇಷ್ಟು ದಾಟಿದ ಮೇಲೆ ರುಚಿಯ ಮಾತು. ಮಾಲ್ಟಿನ ಬ್ರೆಡ್ಡಿನಂಥ ಸಿಹಿ, ಹಾಪ್ಸ್‌ನ ಕಹಿ, ನುಂಗಿದ ಮೇಲೆ ಬಾಯಿ ಒಣಗುವ ಬಗೆ. ಹೆಲ್ಲಿಸ್ ಅಂದರೆ ಮ್ಯೂನಿಕ್ ಕಡೆಯದ್ದು, ಮಾಲ್ಟ್ ಮುಂದೆ, ಕಹಿ ಹಿಂದೆ. ಪಿಲ್ಸ್ ಅಂದರೆ ಕಹಿ ಮುಂದೆ. ಕೆಲ್ಲರ್ ಅಂದರೆ ಸೋಸದೆ ಇಟ್ಟದ್ದು, ಸ್ವಲ್ಪ ಮಬ್ಬು. ಕಾಫಿಯಲ್ಲಿ ಚಿಕೋರಿ ಎಷ್ಟಿರಬೇಕು ಎಂದು ಮನೆಮನೆಗೂ ಜಗಳ ಇರುವ ಹಾಗೆ ಇದರಲ್ಲೂ ಸರಿ ತಪ್ಪು ಇಲ್ಲ. ನಿಮ್ಮ ನಾಲಿಗೆ ಯಾವ ಪಕ್ಷ ಅಂತ ತಿಳಿದಿದ್ದರೆ ಸಾಕು.

ಉಳಿದದ್ದು ಅಮಲು ಮತ್ತು ದುಡ್ಡು. 568 ಎಂಎಲ್‌ನ ಒಂದು ಪಿಂಟ್ ಶೇ. 4.8 ಆಲ್ಕೊಹಾಲಿನದ್ದಾದರೆ ಬ್ರಿಟಿಷ್ ಲೆಕ್ಕದಲ್ಲಿ 2.7 ಯೂನಿಟ್ (ಒಂದು ಯೂನಿಟ್ ಅಂದರೆ 10 ಎಂಎಲ್ ಶುದ್ಧ ಆಲ್ಕೊಹಾಲ್), ಶೇ. 4.2ರದ್ದಾದರೆ 2.4. ವಾರಕ್ಕೆ 14 ಯೂನಿಟ್ ದಾಟಬೇಡಿ ಎನ್ನುವುದು ಅಲ್ಲಿನ ವೈದ್ಯಾಧಿಕಾರಿಗಳ ಸಲಹೆ. ಒಂದು ಪಿಂಟಿನಲ್ಲಿ ಈ ವ್ಯತ್ಯಾಸ ಗೊತ್ತಾಗಲ್ಲ, ಮೂರರಲ್ಲಿ ಗೊತ್ತಾಗುತ್ತದೆ. ಬೆಲೆ ಹೋಲಿಸುವಾಗ ಕ್ಯಾನಿನ ಅಳತೆ ನೋಡಿ, ಇದರಲ್ಲಿ ಸುಮಾರು ಜನ ಮೋಸ ಹೋಗುತ್ತಾರೆ. 330 ಎಂಎಲ್‌ಗೆ 1.75 ಪೌಂಡ್ ಅಂದರೆ 100 ಎಂಎಲ್‌ಗೆ 53 ಪೆನ್ಸ್. 440 ಎಂಎಲ್‌ಗೆ 3.50 ಪೌಂಡ್ ಅಂದರೆ 80 ಪೆನ್ಸ್. ಪಬ್ಬಿನ ಪಿಂಟಿಗೆ 6.50 ಕೊಟ್ಟರೆ 1.14 ಪೌಂಡ್. ಇವು ನಾನು ಹೆಚ್ಚಾಗಿ ಕೊಡುವ ಬೆಲೆಗಳು. ನಿಮ್ಮ ಊರಿನಲ್ಲಿ ಹಿಂದುಮುಂದು ಆಗಬಹುದು.

ಸ್ಟೀಲ್ ಲೋಟದ ಪಾಠ

ಒಂದು ಶನಿವಾರ ಮನೆಯಲ್ಲಿ ಐದು ಜನ ಸೇರಿ ಪರೀಕ್ಷೆ ಮಾಡಿದೆವು. ಕ್ಯಾನುಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿದೆವು. ಎಲ್ಲರಿಗೂ ಸಾಕಾಗುವಷ್ಟು ಗಾಜಿನ ಲೋಟ ಇರಲಿಲ್ಲ, ಊರಿನಿಂದ ತಂದ ಸ್ಟೀಲ್ ಲೋಟ ತೆಗೆದೆವು. ಅದೇ ಒಳ್ಳೆಯದಾಯಿತು. ಬಣ್ಣ ಕಾಣದು, ಮಬ್ಬು ಕಾಣದು, ಮೂಗು ನಾಲಿಗೆ ಮಾತ್ರ ಕೆಲಸ ಮಾಡಬೇಕು.

ಮೊದಲ ಗುಟುಕಿಗೇ ನಾನು ಎರಡನೇ ನಂಬರಿಗೆ ಪೂರ್ಣ ಅಂಕ ಕೊಟ್ಟೆ, ಜೊತೆಗೆ ಒಂದು ಸಣ್ಣ ಭಾಷಣವನ್ನೂ. ಅರ್ಧ ಲೋಟ ಆಗುವಷ್ಟರಲ್ಲಿ ಅದು ಬಿಸಿಯೇರಿ ಸಪ್ಪೆಯಾಗಿತ್ತು. ಮೊದಲು "ಸ್ವಲ್ಪ ಒರಟು" ಎಂದು ಪಕ್ಕಕ್ಕಿಟ್ಟಿದ್ದ ನಾಲ್ಕನೆಯದು ಅಷ್ಟರಲ್ಲಿ ಅರಳಿತ್ತು. ಪೇಪರ್ ಬಿಚ್ಚಿದಾಗ ಎರಡನೆಯದು ಸೂಪರ್‌ಮಾರ್ಕೆಟ್ಟಿನ ಕ್ಯಾಮ್ಡನ್ ಹೆಲ್ಸ್. ನಾಲ್ಕನೆಯದು ಬ್ರಿಸ್ಟಲ್‌ನ ಕೆಲ್ಲರ್ ಪಿಲ್ಸ್, ಅದರ ಇಮ್ಮಡಿ ಬೆಲೆಯದ್ದು. ಭಾಷಣ ಮಾಡಿದವನ ಮುಖ ನೋಡಿ ಎಲ್ಲರೂ ನಕ್ಕರು.

ಹಾಗಾಗಿ ಈಗ ನಾನು ಮೊದಲ ಗುಟುಕನ್ನು ನಂಬುವುದಿಲ್ಲ. ತಣ್ಣಗಿದ್ದಾಗ ಎಲ್ಲ ಲಾಗರೂ ಚೆನ್ನಾಗಿಯೇ ಇರುತ್ತದೆ, ಚಳಿಗೆ ನಾಲಿಗೆ ಮರಗಟ್ಟಿರುತ್ತದೆ. ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಡಿ, 6–7 ಡಿಗ್ರಿಗೆ ಬರಲಿ. ಲೋಟವನ್ನು ತಣ್ಣೀರಿನಲ್ಲಿ ತೊಳೆಯಿರಿ. ಸೋಪಿನ ಅಂಶ ಉಳಿದರೆ ನೊರೆ ನಿಲ್ಲಲ್ಲ. ಎರಡು ಬೆರಳಿನಷ್ಟು ನೊರೆ ಬರುವಂತೆ ಧೈರ್ಯವಾಗಿ ಸುರಿಯಿರಿ. ನೊರೆ ಇಲ್ಲದೆ ಸುರಿಯುವುದು ಜಾಣತನ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಆ ಗ್ಯಾಸೆಲ್ಲ ಆಮೇಲೆ ಹೊಟ್ಟೆಯಲ್ಲಿ ಕೂರುತ್ತದೆ. ಅಂಕ ಕೊಡುವುದಿದ್ದರೆ ಅರ್ಧ ಲೋಟದಲ್ಲಿ ಕೊಡಿ.

ಎರಡು ಬಿಯರ್ ನಡುವೆ ನಿಜಕ್ಕೂ ವ್ಯತ್ಯಾಸ ಇದೆಯಾ ಎಂದು ಅನುಮಾನವಿದ್ದರೆ ಮೂರು ಲೋಟ ಇಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯವರ ಕೈಲಿ ಸುರಿಸಿ. ಬೇರೆಯದು ಯಾವುದೆಂದು ಹೇಳಲಾಗದಿದ್ದರೆ ಕಡಿಮೆ ಬೆಲೆಯದ್ದನ್ನೇ ಕೊಳ್ಳಿ, ನಾಚಿಕೆ ಬೇಡ.

ಕ್ಯಾಮ್ಡನ್ ಹೆಲ್ಸ್, ಶೇ. 4.6

2010ರಲ್ಲಿ ಲಂಡನ್ನಿನ ಕೆಂಟಿಷ್ ಟೌನ್‌ನ ರೈಲ್ವೆ ಕಮಾನುಗಳ ಕೆಳಗೆ ಶುರುವಾದ ಬ್ರೂವರಿ. ಹೆಲ್ಲಿಸ್ ಮತ್ತು ಪಿಲ್ಸ್ ಎರಡನ್ನೂ ಸೇರಿಸಿ 'ಹೆಲ್ಸ್' ಎಂದು ಹೆಸರಿಟ್ಟರು. ರುಚಿಯೂ ಹಾಗೇ, ನಡುದಾರಿಯದ್ದು. ತೆಳುವಾದ ಬ್ರೆಡ್ಡಿನ ರುಚಿ, ನಿಂಬೆಯ ಒಂದು ಸುಳಿವು, ಚಿಕ್ಕ ಕಹಿ, ಬೇಗ ಮುಗಿಯುವ ಗುಟುಕು. ದೋಷ ಹುಡುಕುವುದು ಕಷ್ಟ. ಇಂದು ಕೊಂಡದ್ದೂ ಮುಂದಿನ ತಿಂಗಳು ಕೊಂಡದ್ದೂ ಒಂದೇ ಥರ ಇರುತ್ತದೆ, ಇದು ಸಣ್ಣ ಸಾಧನೆಯಲ್ಲ. ಮಾರಾಟವೂ ಜಾಸ್ತಿ, ಹಾಗಾಗಿ ಕಪಾಟಿನಲ್ಲಿ ಹಳೆಯ ಸರಕು ಕೂರುವುದು ಕಡಿಮೆ.

ತಕರಾರು ಇರುವುದು 'ಕ್ರಾಫ್ಟ್' ಎಂಬ ಪದದ ಬಗ್ಗೆ. 2015ರ ಕೊನೆಯಲ್ಲಿ ಇದನ್ನು ಎಬಿ ಇನ್‌ಬೆವ್ ಎಂಬ ದೈತ್ಯ ಬಿಯರ್ ಕಂಪನಿ ಕೊಂಡಿತು. ಬಡ್‌ವೈಸರ್, ಸ್ಟೆಲ್ಲಾ ಆರ್ಟ್ವಾ ಎಲ್ಲ ಅವರದ್ದೇ. 2017ರಲ್ಲಿ ಎನ್‌ಫೀಲ್ಡ್‌ನಲ್ಲಿ ದೊಡ್ಡ ಕಾರ್ಖಾನೆ ಬಂತು. ಬ್ರಿಟನ್ನಿನಲ್ಲಿ ಕ್ರಾಫ್ಟ್ ಪದಕ್ಕೆ ಕಾನೂನಿನ ಅರ್ಥ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಮಾಲೀಕರು ಯಾರೆಂಬುದು ನಿಮಗೆ ಮುಖ್ಯವಾದರೆ 'ಇಂಡಿ ಬಿಯರ್' ಗುರುತು ಹುಡುಕಿ. ಸ್ವತಂತ್ರ ಬ್ರೂವರಿಗಳ ಸಂಘ ಸಿಬಾ 2024ರಲ್ಲಿ ತಂದದ್ದು ಅದು. ನನಗೆ ಮಾಲೀಕತ್ವಕ್ಕಿಂತ ಲೋಟದಲ್ಲಿ ಏನಿದೆ ಎಂಬುದು ಮೊದಲು. ಆದರೆ ಎರಡು ಬಿಯರ್ ಸರಿಸಮ ಇದ್ದಾಗ ದುಡ್ಡು ಚಿಕ್ಕವರಿಗೆ ಹೋಗಲಿ ಅನ್ನಿಸುತ್ತದೆ.

ಮ್ಯಾಂಚೆಸ್ಟರಿನ ಹುಡುಗನಿಗೆ ಇದನ್ನೇ ಹೇಳಿದೆ. ತಿಂಗಳ ಕೊನೆ, ಬಾಡಿಗೆ ಕಟ್ಟಿ ಉಳಿದ ದುಡ್ಡು, ರೂಮ್‌ಮೇಟ್‌ಗಳಿಗೂ ಕೊಡಬೇಕು. ನಾಲ್ಕು ಕ್ಯಾನ್ ಪ್ಯಾಕ್ ತಗೊಂಡು ಹೋಗಪ್ಪಾ ಅಂದೆ.

ಲಾಸ್ಟ್ ಅಂಡ್ ಗ್ರೌಂಡೆಡ್ ಕೆಲ್ಲರ್ ಪಿಲ್ಸ್, ಶೇ. 4.8

ನನ್ನ ಮನಸ್ಸು ಇಲ್ಲಿದೆ, ಮುಚ್ಚುಮರೆ ಯಾಕೆ. ಕ್ಯಾಮ್ಡನ್‌ನಲ್ಲಿ ಬ್ರೂಯಿಂಗ್ ನೋಡಿಕೊಳ್ಳುತ್ತಿದ್ದ ಅಲೆಕ್ಸ್ ಟ್ರೊಂಕೊಸೊ ಮತ್ತು ಆನಿ ಕ್ಲೆಮೆಂಟ್ಸ್ 2016ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುಮಾಡಿದ ಬ್ರೂವರಿ. ಅಂದರೆ ಮೇಲಿನ ಬಿಯರಿಗೂ ಇದಕ್ಕೂ ಒಂದು ಬಗೆಯ ನೆಂಟಸ್ತನ ಉಂಟು.

ಇದನ್ನು ಸೋಸುವುದಿಲ್ಲ. ಮ್ಯಾಗ್ನಮ್, ಪೆರ್ಲೆ, ಹಾಲರ್‌ಟೌ ಮಿಟ್ಟಲ್‌ಫ್ರೂ ಎಂಬ ಜರ್ಮನ್ ಹಾಪ್ಸ್. ಲೋಟದಲ್ಲಿ ಅಕ್ಕಿ ತೊಳೆದ ಎರಡನೇ ನೀರಿನಷ್ಟು ಮಬ್ಬು. ಮೂಗಿಗೆ ಒಣಹುಲ್ಲು, ಕಾಡುಹೂವು. ನಾಲಿಗೆಗೆ ಕ್ರೀಮ್ ಕ್ರ್ಯಾಕರ್ ಬಿಸ್ಕತ್ತು. ಆಮೇಲೆ ಗಂಟಲ ಹಿಂದೆ ನಿಲ್ಲುವ ಗಟ್ಟಿ ಕಹಿ. ಹಾಗಲಕಾಯಿ ಗೊಜ್ಜು ಇಷ್ಟಪಡುವವರಿಗೆ ಆ ಕಹಿ ಕೂಡಲೇ ಒಲಿಯುತ್ತದೆ. ಸ್ಟೀಲ್ ಲೋಟದಲ್ಲಿ ನಾನು 'ಒರಟು' ಎಂದದ್ದು ಇದನ್ನೇ. ಬಿಸಿಯೇರಿದ ಹಾಗೆ ಮಾಲ್ಟ್ ಮುಂದೆ ಬಂದು ಕಹಿಯ ಕೈ ಹಿಡಿಯುತ್ತದೆ.

ಕೊರತೆ ಏನೆಂದರೆ, ಸೋಸದ ಬಿಯರಿಗೆ ಆರೈಕೆ ಬೇಕು. ಫ್ರಿಜ್ಜಿನಲ್ಲಿ ಇಡದ ಅಂಗಡಿಯಲ್ಲಿ ಕೊಂಡರೆ ಅದೃಷ್ಟದ ಆಟ. ಹಳೆಯ ಕ್ಯಾನೊಂದು ನನಗೆ ಪೂರ್ತಿ ಮಂಕಾಗಿ ಸಿಕ್ಕಿತ್ತು. ಹೆಚ್ಚು ಬೆಲೆ ಕೊಟ್ಟು ಹಳೆಯ ಕೆಲ್ಲರ್ ಪಿಲ್ಸ್ ಕುಡಿಯುವುದಕ್ಕಿಂತ ತಾಜಾ ಕ್ಯಾಮ್ಡನ್ ಎಷ್ಟೋ ವಾಸಿ.

ಯುಟೋಪಿಯನ್‌ನ ಬ್ರಿಟಿಷ್ ಲಾಗರ್, ಶೇ. 4.7

ಉಳಿದವರು ಲಾಗರ್ ಎಂದ ಕೂಡಲೇ ಜರ್ಮನಿಯ ಹಾಪ್ಸ್ ಕಡೆ ಕೈಚಾಚಿದರೆ, ಡೆವನ್ನಿನ ಈ ಬ್ರೂವರಿ ಮಾಲ್ಟ್, ಹಾಪ್ಸ್ ಎರಡೂ ಬ್ರಿಟನ್ನಿನದ್ದೇ ಬೇಕು ಎಂದು ಹಟ ಹಿಡಿದಿದೆ. ಆ ಹಟ ರುಚಿಗೆ ಒಳ್ಳೆಯದೋ ಅಲ್ಲವೋ ಎಂಬುದು ಚರ್ಚೆಯ ವಿಷಯ. ಬ್ರಿಟಿಷ್ ಹಾಪ್ಸ್‌ನಲ್ಲಿ ಮಣ್ಣಿನ, ಚಹಾ ಎಲೆಯ ಒಂದು ಗುಣವಿದೆ. ಕಹಿ ಚುಚ್ಚುವುದಿಲ್ಲ, ಹರಡಿಕೊಳ್ಳುತ್ತದೆ. ಮ್ಯೂನಿಕ್‌ನ ಹೆಲ್ಲಿಸ್ ಮನಸ್ಸಿನಲ್ಲಿಟ್ಟುಕೊಂಡು ಕುಡಿದರೆ 'ಏನೋ ಕಡಿಮೆ' ಅನ್ನಿಸಬಹುದು. ಬ್ರಿಟನ್ನಿನ ಲಾಗರ್‌ಗೆ ಬ್ರಿಟನ್ನಿನ ರುಚಿ ಇರಬೇಕು ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ. ಎಲ್ಲ ಕಡೆ ಸಿಗುವುದಿಲ್ಲ, ಹುಡುಕಬೇಕು.

ಡೊನ್ಜೊಕೊ ನಾರ್ದರ್ನ್ ಹೆಲ್ಲಿಸ್, ಶೇ. 4.2

ಈಶಾನ್ಯ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಹುಟ್ಟಿದ ಬಿಯರ್, ಇದೂ ಸೋಸದ್ದು. ಮೃದು, ಹೊಸ ಬ್ರೆಡ್ಡಿನ ವಾಸನೆ, ಕೊನೆಯಲ್ಲಿ ಒಂದು ಚಿಕ್ಕ ಹುಳಿ. ಸಂಜೆಪೂರ್ತಿ ಮಾತಾಡುತ್ತಾ ಕೂರುವವರಿಗೆ ಸರಿ. ಕಹಿ ಬೇಕಾದವರು ಮುಂದೆ ಹೋಗಿ. ಇದೇ ಶಕ್ತಿಯಲ್ಲಿ ಡರ್ಬಿಶೈರ್‌ನ ಥಾರ್ನ್‌ಬ್ರಿಜ್‌ನವರ ಲೂಕಸ್ ಕೂಡ ಇದೆ, ಇನ್ನೂ ಅಚ್ಚುಕಟ್ಟು. ಎರಡರಲ್ಲಿ ಯಾವುದು ಹೊಸದಾಗಿ ಸಿಕ್ಕರೆ ಅದು.

ಷಿಹ್ಯಾಲಿಯನ್, ಶೇ. 4.8, ಮತ್ತು ಮೀನಿನ ವಿಷಯ

ಸ್ಕಾಟ್ಲೆಂಡಿನ ಹಾರ್ವಿಸ್ಟನ್ ಬ್ರೂವರಿಯದ್ದು. ಹೆಸರು ಪರ್ತ್‌ಶೈರ್‌ನ ಒಂದು ಬೆಟ್ಟದ್ದು. 1774ರಲ್ಲಿ ನೆವಿಲ್ ಮಾಸ್ಕಲೈನ್ ಎಂಬ ಖಗೋಳ ವಿಜ್ಞಾನಿ ಆ ಬೆಟ್ಟದ ಪಕ್ಕ ತೂಗುದಾರ ಇಳಿಬಿಟ್ಟು, ಬೆಟ್ಟ ಅದನ್ನು ಎಷ್ಟು ಎಳೆಯುತ್ತದೆ ಎಂದು ನೋಡಿ, ಭೂಮಿಯ ತೂಕದ ಲೆಕ್ಕಕ್ಕೆ ದಾರಿಮಾಡಿದ. ಬಿಯರಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಪಬ್ಬಿನಲ್ಲಿ ಹೇಳಲು ಒಳ್ಳೆಯ ಕಥೆ.

ಇದರ ವಿಶೇಷವೆಂದರೆ ಲಾಗರ್ ಆಗಿಯೂ ಏಲ್‌ನ ಹಾಗೆ ಕ್ಯಾಸ್ಕ್‌ನಲ್ಲಿ, ಅಂದರೆ ಪೀಪಾಯಿಯಲ್ಲಿ, ಬರುತ್ತದೆ, ಕೈಪಂಪಿನಿಂದ ಎಳೆದು ಕೊಡುತ್ತಾರೆ. ಗ್ಯಾಸು ಕಡಿಮೆ, ತಂಪೂ ಕಡಿಮೆ. ಹರ್ಸ್‌ಬ್ರೂಕರ್ ಹಾಪ್ಸ್‌ನ ಹೂವಿನ ಕಂಪು ಅದರಿಂದಲೇ ಚೆನ್ನಾಗಿ ತಿಳಿಯುತ್ತದೆ. ಐಸ್‌ನಂಥ ಬಿಯರ್ ಬೇಕು ಎನ್ನುವವರಿಗೆ ಇದು ಬೆಚ್ಚಗಿನ ಬಿಯರ್ ಅನ್ನಿಸಿ ಬೇಸರವಾಗುತ್ತದೆ.

ಈಗ ಗೆಳತಿಯ ಪ್ರಶ್ನೆ. ಹೌದು, ನಿಜ. ಬ್ರಿಟನ್ನಿನ ಕ್ಯಾಸ್ಕ್ ಬಿಯರನ್ನು ತಿಳಿಯಾಗಿಸಲು ಐಸಿಂಗ್ಲಾಸ್ ಬಳಸುವ ಪದ್ಧತಿ ಹಳೆಯದು. ಅದು ಮೀನಿನ ಗಾಳಿಚೀಲವನ್ನು ಒಣಗಿಸಿ ಮಾಡುವ ಅಂಟು. ಯೀಸ್ಟನ್ನು ತಳಕ್ಕೆ ಎಳೆದು ಕೂರಿಸುತ್ತದೆ. ಎಲ್ಲರೂ ಬಳಸುವುದಿಲ್ಲ, ಆದರೆ ಕ್ಯಾಸ್ಕ್ ಎಂದ ಮೇಲೆ ಕೇಳದೆ ಕುಡಿಯಬೇಡಿ. ಮಬ್ಬನ್ನು ಹಾಗೇ ಬಿಡುವ ಸೋಸದ ಲಾಗರ್‌ಗಳಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಬೀಳುವುದಿಲ್ಲ. ಆದರೂ ಕ್ಯಾನಿನ ಮೇಲೆ 'ವೀಗನ್' ಎಂದು ಬರೆದಿದೆಯಾ ನೋಡಿ. ಬರೆದಿದ್ದರೆ ಮೀನೂ ಇಲ್ಲ, ಜೇನೂ ಇಲ್ಲ. ಗೆಳತಿ ಈಗ ಅಂಗಡಿಯಲ್ಲಿ ಮೊದಲು ಆ ಪದ ಹುಡುಕಿ, ಆಮೇಲೆ ದಿನಾಂಕ ನೋಡುತ್ತಾಳೆ.

ಊಟದ ಜೊತೆ

ಬ್ರಿಟನ್ನಿನಲ್ಲಿ 'ಕರಿ' (ನಮ್ಮ ಕಡೆಯ ಮಸಾಲೆ ಊಟ) ಎಂದರೆ ಪಕ್ಕದಲ್ಲಿ ಲಾಗರ್ ಇರಲೇಬೇಕು. ಈ ಜೋಡಿಗೆ ನಮ್ಮ ಊರಿನದೂ ಒಂದು ಪಾಲಿದೆ. ಕರಿಯ ಜೊತೆ ಕುಡಿಯಲು ಮಾಮೂಲಿ ಲಾಗರ್‌ನಲ್ಲಿ ಗ್ಯಾಸು ಜಾಸ್ತಿ, ಹೊಟ್ಟೆ ಉಬ್ಬುತ್ತದೆ ಎಂದು ಕರಣ್ ಬಿಲಿಮೋರಿಯಾ ಕೋಬ್ರಾ ಬಿಯರ್ ಕಟ್ಟಿದಾಗ, ಅದು ಮೊದಲು ತಯಾರಾದದ್ದು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಲ್ಲಿ. 1990ರಲ್ಲಿ ಬೆಂಗಳೂರಿನಿಂದ ಬ್ರಿಟನ್ನಿಗೆ ಹಡಗೇರಿತು. ಆಮೇಲೆ ತಯಾರಿ ಬ್ರಿಟನ್ನಿಗೇ ಹೋಯಿತು. ಅದು ಕ್ರಾಫ್ಟ್ ಅಲ್ಲ, ಈ ಹೋಲಿಕೆಗೆ ಸೇರುವುದಿಲ್ಲ. ಆದರೆ ಆ ತರ್ಕ ಸರಿ. ಖಾರದ ಮೇಲೆ ಗ್ಯಾಸು ಬಿದ್ದರೆ ಬಾಯಿ ಇನ್ನಷ್ಟು ಉರಿಯುತ್ತದೆ, ಕಹಿಯೂ ಖಾರವನ್ನು ಏರಿಸುತ್ತದೆ. ಹಾಗಾಗಿ ಮೆಣಸಿನಕಾಯಿ ಬಜ್ಜಿ, ಕೋಳಿ ಸುಕ್ಕಾ ಇದ್ದ ದಿನ ಕೆಲ್ಲರ್ ಪಿಲ್ಸ್ ಬೇಡ. ಹೆಲ್ಲಿಸ್ ಜಾತಿಯದ್ದು ತೆಗೆಯಿರಿ. ಕಾಂಗ್ರೆಸ್ ಕಡಲೆಕಾಯಿ, ಚಕ್ಕುಲಿ, ಉಪ್ಪು ಜಾಸ್ತಿಯಿರುವ ಯಾವುದಾದರೂ ಇದ್ದರೆ ಪಿಲ್ಸ್‌ನ ಕಹಿಗೆ ಅದೇ ಸರಿಜೋಡಿ.

ಉಳಿದವರು ಭಾವ. ಅವರಿಗೆ ಕ್ಯಾನ್ ಕೊಡಿಸಲಿಲ್ಲ. ಒಳ್ಳೆಯ ಪಬ್ಬಿಗೆ ಕರೆದುಕೊಂಡು ಹೋಗಿ ಪಿಂಟಿನ ಮೂರನೇ ಒಂದು ಭಾಗದ ಚಿಕ್ಕ ಲೋಟಗಳಲ್ಲಿ ಮೂರು ಬಗೆ ತರಿಸಿದೆ. ಅಲ್ಲಿ ಅದಕ್ಕೆ ಅಧಿಕೃತ ಅಳತೆಯೇ ಇದೆ, ಕೇಳಲು ಸಂಕೋಚ ಬೇಡ. ಮೂರನ್ನೂ ಅರ್ಧ ಇಳಿಸಿ, ಐದು ನಿಮಿಷ ಮಾತಾಡಿ, ಮತ್ತೆ ರುಚಿ ನೋಡಿ ಎಂದೆ. ಕೆಲ್ಲರ್ ಪಿಲ್ಸ್ ಮೊದಲು ಪಕ್ಕಕ್ಕೆ ಸರಿಯಿತು, ಆಮೇಲೆ ನಿಧಾನವಾಗಿ ಹತ್ತಿರ ಬಂತು. "ಇದೇ ಇರ್ಲಿ" ಅಂದರು. ಬಿಲ್ ನೋಡಿ, "ಮನೆಗೆ ಮಾತ್ರ ಆ ಕ್ಯಾಮ್ಡನ್ನೇ ತಗೊಳ್ಳೋಣ" ಅಂದರು.